ನಾಲ್ಕು ಗಂಟೆಯ ರೊಟ್ಟಿ

ಖಡಕ್ ರೊಟ್ಟಿ ಮುರಿಯುವ ಸದ್ದನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ. ಹಪ್ಪಳ ಮುರಿದರೆ ಸದ್ದು ತೆಳ್ಳಗೆ ಹಾರಿಹೋಗುತ್ತದೆ, ಬಿಸ್ಕತ್ತಿನದು ಮೊಂಡು. ಹೆಂಚಿನಿಂದ ಇಳಿದ ಮೇಲೂ ಒಲೆಯ ಬಿಸಿಗೆ ಒರಗಿ ನಿಂತು ಒಳಗಿನ ಪಸೆಯನ್ನೆಲ್ಲ ಬಿಟ್ಟುಕೊಟ್ಟ ಜೋಳದ ರೊಟ್ಟಿ ಹಾಗಲ್ಲ. ಮೊದಲು ಟಕ್ ಎನ್ನುತ್ತದೆ, ಆಮೇಲೆ ಬಿರುಕು ಅಂಚಿನವರೆಗೆ ಓಡಿಹೋದದ್ದು ಕಿವಿಗೆ ತಿಳಿಯುತ್ತದೆ. ಹೋದ ತಿಂಗಳು ಒಂದು ದಿನ, ನಾಗರಬಾವಿಯಲ್ಲಿ ನಾನು ಪಾಠ ಮಾಡುವ ಕಾಲೇಜಿನ ಅಧ್ಯಾಪಕರ ಕೋಣೆಯಲ್ಲಿ, ಆ ಸದ್ದು ಪಕ್ಕದ ಮೇಜಿನಿಂದ ಬಂತು. ನಾಲ್ಕು ಗಂಟೆಯ ಹೊತ್ತು. ಗೇಟಿನಾಚೆಯ ಬೇಕರಿಯಿಂದ ತರಿಸಿದ ಪಫ್‌ಗಳ ಪೊಟ್ಟಣ ಎಣ್ಣೆ ಕುಡಿದು ಕಂದು ಬಣ್ಣಕ್ಕೆ ತಿರುಗಿತ್ತು, ಅದರ ಬಿಸಿ ಈರುಳ್ಳಿಯ ವಾಸನೆಗೆ ಕೋಣೆಯಲ್ಲಿದ್ದವರೆಲ್ಲ ಪೆನ್ನು ಕೆಳಗಿಟ್ಟಿದ್ದರು. ನಾನು ಎಂದಿನಂತೆ ನನ್ನ ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಕೈ ಇಟ್ಟಿದ್ದೆ, ಇನ್ನೂ ತೆಗೆದಿರಲಿಲ್ಲ. ಪಕ್ಕದ ಮೇಜಿನ ಸುಮಾ ಮೇಡಂ ಮೊಬೈಲನ್ನು ನನ್ನ ಕಡೆ ತಿರುಗಿಸಿ, "ಶಾಂಭವಿ, ಇಲ್ನೋಡಿ, ನಿಮ್ಮ ಥರಾನೇ ಇನ್ನೊಬ್ಬರು ರೊಟ್ಟಿ ಗಿರಾಕಿ" ಅಂದರು.

ಸದ್ದಿನ ನಂತರ ದನಿ ಬಂತು, ದನಿಯ ನಂತರ ನಾನು ಮುಖ ನೋಡಿದೆ. ಅಕ್ಷತಾ. ನನ್ನ ದೊಡ್ಡಪ್ಪನ ಮಗಳು, ನನಗಿಂತ ಒಂದು ವರ್ಷ ದೊಡ್ಡವಳು, ಕೆಂಗೇರಿಯಲ್ಲಿ ಆಹಾರ ಸಲಹೆ ಕೊಡುವ ಕ್ಲಿನಿಕ್ ಇಟ್ಟಿರುವವಳು. ಅವಳು ವಿಡಿಯೊ ಮಾಡುತ್ತಾಳೆಂದು ಗೊತ್ತಿತ್ತು, ನೋಡಿರಲಿಲ್ಲ. ತಿಳಿಹಸಿರು ಕುರ್ತಾ ತೊಟ್ಟು, ಅರ್ಧ ರೊಟ್ಟಿಯನ್ನು ಬೀಸಣಿಗೆಯಂತೆ ಹಿಡಿದುಕೊಂಡು ಅವಳು ಹೇಳುತ್ತಿದ್ದಳು: "ನಾಲ್ಕು ಗಂಟೆಗೆ ಕುರುಕಲು ತಿನ್ನೋಣ ಅನ್ಸತ್ತಲ್ವಾ ಫ್ರೆಂಡ್ಸ್? ಚಿಪ್ಸ್ ಪ್ಯಾಕೆಟ್ ಬಿಚ್ಚೋ ಮುಂಚೆ ಒಂದು ಪ್ರಶ್ನೆ ಕೇಳ್ಕೊಳ್ಳಿ. ನಾನು ಚಿಕ್ಕೋಳಿದ್ದಾಗ ನಮ್ಮತ್ತೆ ನನ್ನನ್ನ ದಿನಾ ಕೇಳ್ತಿದ್ರು, ಹೊಟ್ಟಿ ಹಸಿವೋ, ಬಾಯಿ ಹಸಿವೋ ಅಂತ." ಆಮೇಲೆ ನೀರು ಕುಡಿಯಿರಿ, ಹತ್ತು ನಿಮಿಷ ಕಾಯಿರಿ, ಕಾಳಿನ ಉಸಲಿಯೋ ಸೌತೆಕಾಯಿಯೋ ಜೊತೆಗಿಟ್ಟುಕೊಳ್ಳಿ ಎಂಬ ಮಾತುಗಳು ಬಂದವು. ಎಲ್ಲ ಸರಿಯಾದ ಮಾತುಗಳೇ. ನಾನು ಜೀವಶಾಸ್ತ್ರ ಓದಿದವಳು, ಒಂದನ್ನೂ ತಪ್ಪೆನ್ನಲಾರೆ. ಆದರೆ "ನನ್ನನ್ನ" ಅಂದಳಲ್ಲ, ಅಲ್ಲಿಗೆ ನನ್ನ ಕಿವಿ ಮುಚ್ಚಿಹೋಗಿತ್ತು. ವಿಡಿಯೊದ ಕೆಳಗೆ ಜನ ಸಾಲಾಗಿ ಬರೆದಿದ್ದರು, ಇಂಥ ಅತ್ತೆ ಸಿಗಲು ನೀವು ಪುಣ್ಯ ಮಾಡಿದ್ದಿರಿ ಮೇಡಂ ಎಂದು. ಸುಮಾ ಮೇಡಂ ಕೇಳಿದರು, ನಿಮ್ಮ ಕಡೆಯವರೇ ಇರಬೇಕಲ್ಲವಾ, ಪರಿಚಯವೇ ಎಂದು. ಇಲ್ಲ ಅಂದೆ. ಡಬ್ಬಿಯನ್ನು ಮುಚ್ಚಿದಂತೆಯೇ ಬ್ಯಾಗಿಗೆ ಸೇರಿಸಿದೆ. ಆ ದಿನ ಒಂದು ಪಫ್ ತಿಂದೆ, ರುಚಿ ಗೊತ್ತಾಗಲಿಲ್ಲ.

ಯಾಕೆಂದರೆ ಅತ್ತೆ ಅವಳನ್ನು ಯಾವತ್ತೂ ಕೇಳಿರಲಿಲ್ಲ. ಕೇಳುತ್ತಿದ್ದದ್ದು ನನ್ನನ್ನು.

ವಿಜಯನಗರದಲ್ಲಿ ನಮ್ಮದೊಂದು ಮನೆಯಿತ್ತು. ಈಗ ಆ ಜಾಗದಲ್ಲಿ ಹೆಣ್ಣುಮಕ್ಕಳ ಪಿ.ಜಿ. ಎದ್ದಿದೆ, ಮಹಡಿ ಮಹಡಿಗೂ ಒಣಹಾಕಿದ ಟವಲುಗಳು ಕಾಣುತ್ತವೆ. ಆ ಬೀದಿಯಲ್ಲಿ ಹೋಗಬೇಕಾಗಿ ಬಂದರೆ ನಾನು ಎದುರು ಬದಿಯ ಫುಟ್‌ಪಾತ್ ಹಿಡಿಯುತ್ತೇನೆ. ನಮ್ಮ ಕಾಲಕ್ಕೆ ಅದು ಕೆಂಪು ಕಾವಿ ನೆಲದ, ಕೆಳಗೂ ಮೇಲೂ ಒಂದೇ ನಕ್ಷೆಯ ಮನೆ. ದಾವಣಗೆರೆಯಿಂದಾಚೆ ರಾಣೆಬೆನ್ನೂರಿನ ಕಡೆಯಿಂದ ಬಂದ ಅಣ್ಣತಮ್ಮಂದಿರು ಕಟ್ಟಿಸಿದ್ದು. ಮೇಲೆ ಬಟ್ಟೆ ವ್ಯಾಪಾರದ ದೊಡ್ಡಪ್ಪನ ಸಂಸಾರ, ಕೆಳಗೆ ಸರ್ಕಾರಿ ನೌಕರಿಯ ನಮ್ಮಪ್ಪನದು. ಎರಡಕ್ಕೂ ಅಡುಗೆಮನೆ ಒಂದೇ, ಅದು ಕೆಳಗೆ, ಮತ್ತು ಅದು ಅಪ್ಪನ ಅಕ್ಕ ನೀಲತ್ತೆಯದು. ಗಂಡ ತೀರಿಕೊಂಡ ಮೇಲೆ ತಮ್ಮಂದಿರ ಮನೆಗೆ ಬಂದ ಅತ್ತೆ ಬೆಂಗಳೂರಿನಲ್ಲಿ ಎಷ್ಟೋ ವರ್ಷ ಬದುಕಿದರೂ ಅವಳ ಮಾತಿಗೆ ಈ ಊರಿನ ನೀರು ತಾಗಲೇ ಇಲ್ಲ. ತರಕಾರಿ ಗಾಡಿಯವನು "ಏನ್ ಬೇಕು ಆಂಟಿ" ಅಂದರೆ "ಆಂಟಿ ನಿಮ್ಮವ್ವಗ ಅನ್ನು, ನನಗ ಅವ್ವಾ ಅನ್ನು" ಎಂದು ಅವನನ್ನೇ ಗೊಂದಲಕ್ಕೆ ಹಾಕಿ, ಹಿಡಿ ಮೆಂತ್ಯೆ ಸೊಪ್ಪನ್ನು ಪುಕ್ಕಟೆ ತರುತ್ತಿದ್ದಳು. ಆ ಅಡುಗೆಮನೆಯ ವಾಸನೆ ಇನ್ನೂ ನನ್ನ ಮೂಗಿನ ತುದಿಯಲ್ಲಿದೆ: ಹುರಿದ ಗುರೆಳ್ಳು, ಕುಟ್ಟಿದ ಶೇಂಗಾ, ಮಜ್ಜಿಗೆ ಗಡಿಗೆಯ ತಣ್ಣನೆಯ ಹುಳಿ, ಮತ್ತು ಭಾನುವಾರದ ದಿನ ಜೋಳದ ಹಿಟ್ಟು ಕಾದ ಹೆಂಚಿಗೆ ಬಿದ್ದಾಗ ಏಳುವ ಆ ಒಣ, ಸುಟ್ಟ, ಸಿಹಿಯಲ್ಲದ ಸಿಹಿ. ವಾರಕ್ಕಾಗುವಷ್ಟು ರೊಟ್ಟಿ ಬಡಿದು, ಒಲೆಕಟ್ಟೆಯ ಗೋಡೆಗೆ ಒರಗಿಸಿ ಗರಿಗರಿಯಾಗಿಸಿ, ಬಿದಿರು ಬುಟ್ಟಿಯಲ್ಲಿ ಪೇರಿಸಿ, ಮೇಲೆ ಬಿಳಿ ಪಂಚೆ ತುಂಡನ್ನು ಹೊದಿಸಿ ಇಡುತ್ತಿದ್ದಳು. ಮಲಗಿದ ಮಗುವಿಗೆ ಹೊದಿಸಿದ ಹಾಗೆ.

ನನಗೆ ಸದಾ ಹಸಿವು. ಶಾಲೆಯಿಂದ ಬರುವಾಗ ದಾರಿಯ ಬೇಕರಿ, ಬಜ್ಜಿ ಗಾಡಿ, ಕಡಲೆಪುರಿ ಚೀಲ ಎಲ್ಲವೂ ನನ್ನನ್ನು ಹೆಸರು ಹಿಡಿದು ಕರೆದಂತಾಗುತ್ತಿತ್ತು. ಮನೆ ಸೇರಿ ಶೂ ಕಳಚುವ ಮೊದಲೇ ಕಣ್ಣು ಅಡುಗೆಮನೆಯ ಮೇಲಿನ ಹಲಗೆಗೆ ಹೋಗುತ್ತಿತ್ತು. ಅಲ್ಲಿ ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ. ಒಳಗೆ ಚಕ್ಕುಲಿ, ಕೋಡುಬಳೆ, ಶೇಂಗಾ ಉಂಡಿ. ನಾನು "ಅತ್ತೆ, ಹಸಿವು" ಅನ್ನುತ್ತಿದ್ದೆ. ಅತ್ತೆ ಕೆಲಸ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ನನ್ನನ್ನು ನ್ಯಾಯಾಧೀಶರಂತೆ ನೋಡಿ ಕೇಳುತ್ತಿದ್ದಳು: "ಹೊಟ್ಟಿ ಹಸಿವೋ, ಬಾಯಿ ಹಸಿವೋ?" ಹೊಟ್ಟೆಯದೇ ಎಂದು ನಾನು ಹೊಟ್ಟೆ ಮುಟ್ಟಿ ತೋರಿಸುತ್ತಿದ್ದೆ. "ನನಗೇನ ಹೇಳತಿ, ರೊಟ್ಟಿ ಹೇಳತೈತಿ ತಡಿ" ಎಂದು ಬುಟ್ಟಿಯ ಬಟ್ಟೆ ಸರಿಸುತ್ತಿದ್ದಳು. ಇದು ಅವಳ ಕಾಯಿದೆ. ಹಸಿವೆಂದವರು ಮೊದಲು ಖಡಕ್ ರೊಟ್ಟಿ ತಿನ್ನಬೇಕು, ಶೇಂಗಾ ಚಟ್ನಿಪುಡಿ, ಕೆನೆಮೊಸರು, ಎರಡು ಎಸಳು ಹಸಿ ಮೆಂತ್ಯೆ ಸೊಪ್ಪಿನ ಜೊತೆ. ತಿಂದು ಮುಗಿಸಿದ ಮೇಲೂ ಚಕ್ಕುಲಿ ಬೇಕೆನ್ನಿಸಿದರೆ ಡಬ್ಬಿ ಕೆಳಗಿಳಿಯುತ್ತದೆ, ಅವಳು ಅಡ್ಡ ಬರುವುದಿಲ್ಲ. ನಿಜ ಹೇಳಬೇಕೆಂದರೆ ಅವಳು ಮಾತಿಗೆ ತಪ್ಪಿದ್ದೇ ಇಲ್ಲ. ಆದರೆ ಡಬ್ಬಿ ಇಳಿಯುತ್ತಿದ್ದದ್ದೂ ಅಪರೂಪ. ಖಡಕ್ ರೊಟ್ಟಿಯನ್ನು ಅವಸರದಲ್ಲಿ ತಿನ್ನಲಾಗುವುದಿಲ್ಲ, ಅದು ಒಸಡಿಗೆ ಚುಚ್ಚುತ್ತದೆ. ಅಗಿಯಬೇಕು, ನೆನೆಯಲು ಬಿಡಬೇಕು, ಮತ್ತೆ ಅಗಿಯಬೇಕು. ದವಡೆ ದಣಿಯುವ ಹೊತ್ತಿಗೆ ಜೋಳದ ತಣ್ಣನೆಯ ರುಚಿ ಬಾಯಿ ತುಂಬ ಹರಡಿ, ಮೇಲಿನ ಹಲಗೆಯ ಡಬ್ಬಿ ಸುಮ್ಮನೆ ಒಂದು ಡಬ್ಬಿಯಾಗಿ ಕಾಣತೊಡಗುತ್ತಿತ್ತು.

ಇದರಲ್ಲಿ ನನಗೆ ಅಂದು ದೊಡ್ಡದಾಗಿ ಕಾಣದ ಒಂದು ವಿವರವಿತ್ತು. ಅತ್ತೆ ಇಡೀ ರೊಟ್ಟಿ ಕೊಡುತ್ತಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಮುರಿಯುತ್ತಿದ್ದಳು. ರೊಟ್ಟಿ ಎಂದೂ ಸರಿಯಾಗಿ ಎರಡಾಗದು. ಎರಡು ತುಂಡನ್ನೂ ಬೆಳಕಿಗೆ ಹಿಡಿದು ನೋಡಿ, ದೊಡ್ಡದನ್ನು ನನ್ನ ತಟ್ಟೆಗೆ ಹಾಕಿ, ಚಿಕ್ಕದನ್ನು ತಾನು ಹಿಡಿದು ನನ್ನೆದುರು ನೆಲದ ಮೇಲೆ ಕೂರುತ್ತಿದ್ದಳು. ಇಬ್ಬರೂ ಅಗಿಯುತ್ತಿದ್ದೆವು. ನೀವು ಖಡಕ್ ರೊಟ್ಟಿ ತಿಂದವರಾದರೆ ನಿಮಗೆ ಗೊತ್ತು, ಅಗಿಯುವಾಗ ನಮ್ಮದೇ ತಲೆಯೊಳಗಿನ ಕಟಕಟ ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಮೊದಮೊದಲು ನನಗೆ ಅತ್ತೆ ಸದ್ದೇ ಇಲ್ಲದೆ ತಿನ್ನುತ್ತಾಳೆ ಅನಿಸುತ್ತಿತ್ತು. ಒಂದು ದಿನ ಆಕಸ್ಮಿಕವಾಗಿ ಅಗಿಯುವುದನ್ನು ನಿಲ್ಲಿಸಿದೆ. ಆಗ ಕೇಳಿತು, ನಿಧಾನವಾಗಿ, ಎಡದವಡೆಯಲ್ಲಿ ಮಾತ್ರ, ಎತ್ತಿನ ಗಾಡಿ ಕಲ್ಲುದಾರಿಯಲ್ಲಿ ಹೋದ ಹಾಗೆ. ಅಂದಿನಿಂದ ಅದೊಂದು ಆಟವಾಯಿತು. ನಡುನಡುವೆ ನಿಲ್ಲಿಸಿ ಅವಳದನ್ನು ಕೇಳುವುದು, ಮತ್ತೆ ಶುರುಮಾಡುವುದು. ಅವಳು "ಯಾಕ ನಿಂತಿ, ಹಲ್ಲು ನೋವೇನ?" ಅನ್ನುತ್ತಿದ್ದಳು. ಇಲ್ಲ ಅನ್ನುತ್ತಿದ್ದೆ. ಅದಕ್ಕಿಂತ ಹೆಚ್ಚು ನಾವು ಮಾತಾಡಿಕೊಂಡ ನೆನಪಿಲ್ಲ.

ಆದರೂ ಆ ವಯಸ್ಸಿನಲ್ಲಿ ನನ್ನ ಮನಸ್ಸು ರೊಟ್ಟಿಯ ಕಡೆ ಇರಲಿಲ್ಲ, ಮೆಟ್ಟಿಲ ಕಡೆ ಇತ್ತು. ಅಡುಗೆಮನೆಯ ಬಾಗಿಲಿಂದ ಮಹಡಿ ಮೆಟ್ಟಿಲಿನ ತಿರುವು ಕಾಣುತ್ತಿತ್ತು. ಅಲ್ಲಿ ಅಕ್ಷತಾ ಕೂತಿರುತ್ತಿದ್ದಳು, ಕೈಯಲ್ಲಿ ಚಕ್ಕುಲಿ. ಅವಳಿಗೆ ಪ್ರಶ್ನೆಯಿಲ್ಲ, ರೊಟ್ಟಿಯಿಲ್ಲ, ಡಬ್ಬಿ ಅವಳಿಗೆ ಸದಾ ಇಳಿದೇ ಇರುತ್ತಿತ್ತು. ಅವಳು ಹುಟ್ಟಿನಿಂದ ಕಡ್ಡಿ. ಊಟವೆಂದರೆ ಅವಳಿಗೆ ಶಿಕ್ಷೆ. ದೊಡ್ಡಮ್ಮ ತಟ್ಟೆ ಹಿಡಿದು ತಾರಸಿಯವರೆಗೂ ಓಡುತ್ತಿದ್ದರು, ಕಾಗೆ ತೋರಿಸುತ್ತಿದ್ದರು, ಪಕ್ಕದ ಮನೆಯ ನಾಯಿಗೆ ಕೊಟ್ಟುಬಿಡುತ್ತೇನೆಂದು ಹೆದರಿಸುತ್ತಿದ್ದರು. ಕೊಟ್ಟರೆ ಅವಳಿಗೆ ಖುಷಿಯೇ ಆಗುತ್ತಿತ್ತು. ಏನು ಬೇಕೋ, ಯಾವಾಗ ಬೇಕೋ ತಿನ್ನಲಿ ಬಿಡಿ ಎಂದು ಡಾಕ್ಟರು ಹೇಳಿದ ಮೇಲೆ ಅತ್ತೆ ಆ ಡಬ್ಬಿಯನ್ನು ಅವಳಿಗಾಗಿಯೇ ತುಂಬಿಸತೊಡಗಿದ್ದಳು. ನನ್ನ ಹೊಟ್ಟೆಕಿಚ್ಚಿಗೆ ಅಷ್ಟೇ ಸಾಕಿತ್ತು, ಆದರೆ ಅದಕ್ಕಿಂತ ಅಸಹನೀಯವಾದದ್ದು ಇನ್ನೊಂದಿತ್ತು: ಅವಳು ಅದನ್ನು ತಿನ್ನುತ್ತಲೇ ಇರಲಿಲ್ಲ. ಒಂದು ಸುತ್ತು ಕಚ್ಚಿ, ಉಳಿದದ್ದನ್ನು ಮೆಟ್ಟಿಲ ಮೇಲಿಟ್ಟು ಹೊರಟುಹೋಗುತ್ತಿದ್ದಳು. ನಾನು ಓದುವ ನೆವದಲ್ಲಿ ಆ ಮೆಟ್ಟಿಲಿನ ಬುಡದಲ್ಲಿ ಕೂತು, ಬೆಣ್ಣೆ ಹಾಕಿ ಹದವಾಗಿ ಕರಿದ ಆ ಚಕ್ಕುಲಿಗೆ ಇರುವೆಗಳು ಗೋಡೆಯಿಂದ ಸಾಲುಗಟ್ಟಿ ಬರುವುದನ್ನು ನೋಡುತ್ತಿದ್ದೆ. ಇರುವೆಗಳ ಮೇಲೂ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಪ್ರೀತಿ ಇದ್ದ ಕಡೆ ಎಣ್ಣೆಯಲ್ಲಿ ಕರಿದದ್ದು ಸಿಗುತ್ತದೆ, ಇಲ್ಲದ ಕಡೆ ಒಣ ರೊಟ್ಟಿ ಸಿಗುತ್ತದೆ ಎಂಬುದು ಆಗ ನಾನು ಮಾಡಿಕೊಂಡ ತೀರ್ಮಾನ.

ಒಮ್ಮೆ ಕಾಯಿದೆಯನ್ನು ಸೋಲಿಸಲು ನೋಡಿದೆ. ಅತ್ತೆ ಬಾಗಿಲಿಗೆ ಬಂದ ಯಾರನ್ನೋ ಮಾತಾಡಿಸಲು ಹೋದಾಗ ನನ್ನ ತುಂಡನ್ನು ನೀರಿನ ಚೊಂಬಿನಲ್ಲಿ ಅದ್ದಿದೆ. ಅದು ಕ್ಷಣದಲ್ಲಿ ಹಳೆಯ ರಟ್ಟಿನಂತೆ ಮೆತ್ತಗಾಯಿತು. ಎರಡೇ ತುತ್ತಿಗೆ ನುಂಗಿ, ಬಾಯಿ ಒರೆಸಿಕೊಂಡು, ಆಯಿತು, ಇನ್ನೂ ಹಸಿವಿದೆ, ಡಬ್ಬಿ ಇಳಿಸು ಅಂದೆ. ಅತ್ತೆ ತಟ್ಟೆ ನೋಡಿದಳು. ಅದರಲ್ಲಿ ಒಂದು ಪುಡಿಯೂ ಇರಲಿಲ್ಲ. ಖಡಕ್ ರೊಟ್ಟಿ ತಿಂದ ತಟ್ಟೆಯಲ್ಲಿ ಪುಡಿಯಿರದೆ ಹೇಗೆ? ಆಮೇಲೆ ಚೊಂಬು ನೋಡಿದಳು. ತಳದಲ್ಲಿ ಬೂದು ಬಣ್ಣದ ಹಿಟ್ಟು ಮಲಗಿತ್ತು. ನಾನು ಬೈಗುಳಕ್ಕೆ ಸಿದ್ಧಳಾದೆ. ಅವಳು ನಗುವನ್ನು ಕೆನ್ನೆಯೊಳಗೇ ಹಿಡಿದು, "ನೀರಾಗ ಅದ್ದಿದ ರೊಟ್ಟಿ ಸುಳ್ಳು ಹೇಳತೈತಿ ಶಾಂಬಿ" ಎಂದು ಬುಟ್ಟಿಯಿಂದ ಇನ್ನೊಂದು ತೆಗೆದು ಮುರಿದಳು. ತಾನು ಆಗಲೇ ಅರ್ಧ ತಿಂದಿದ್ದರೂ ನನ್ನ ಜೊತೆ ಇನ್ನರ್ಧ ತಿಂದಳು. ಆ ಸಂಜೆ ಮೆಟ್ಟಿಲ ತಿರುವಿನಲ್ಲಿ ಅಕ್ಷತಾ ನಗುತ್ತಿದ್ದದ್ದು ನನಗೆ ಕಂಡಿತ್ತು. ಅವಳು ನಗುವುದು ನನ್ನ ಸೋಲಿಗೆ ಎಂದುಕೊಂಡೆ.

ಅತ್ತೆ ಹೀಗೇಕೆ ಮಾಡುತ್ತಿದ್ದಳೆಂದು ನನಗೆ ಅಮ್ಮ ಹೇಳಿದ್ದು ಬಹಳ ತಡವಾಗಿ. ಶಾಲೆಯಲ್ಲಿ ನನ್ನನ್ನು ಬೋಂಡಾ ಎಂದು ಕರೆಯುತ್ತಿದ್ದರು, ಅದು ಅತ್ತೆಗೆ ಗೊತ್ತಿತ್ತು, ಆದರೆ ಕಾರಣ ಅದಲ್ಲ. ನಮ್ಮ ಮನೆತನದಲ್ಲಿ ಸಕ್ಕರೆ ಕಾಯಿಲೆ ಇದೆ. ಅಜ್ಜ ಅದರಲ್ಲೇ ಹೋದರು, ಅತ್ತೆಗೆ ಅದು ಚಿಕ್ಕ ವಯಸ್ಸಿನಲ್ಲೇ ಬಂದಿತ್ತು. ನನ್ನ ಮೈಕಟ್ಟು ಥೇಟು ತನ್ನದೇ ಎಂದು ಅವಳು ಅಮ್ಮನ ಹತ್ತಿರ ಹೇಳಿ ಒಮ್ಮೆ ಅತ್ತಿದ್ದಳಂತೆ. ನನ್ನೆದುರು ಅವಳು ಕಾಯಿಲೆಯ ಹೆಸರೆತ್ತಲಿಲ್ಲ, ದಪ್ಪ ಎಂಬ ಮಾತೆತ್ತಲಿಲ್ಲ, ತಿನ್ನಬೇಡ ಎಂದಂತೂ ಎಂದೂ ಹೇಳಲಿಲ್ಲ. ಪ್ರಶ್ನೆ ಕೇಳಿದಳು, ಜೊತೆಗೆ ಕೂತಳು. ಈಗಲೂ ನಾಲ್ಕು ಗಂಟೆಗೆ ಯಾವುದಾದರೂ ಬೇಕರಿಯ ವಾಸನೆ ನನ್ನನ್ನು ಹಿಡಿದು ನಿಲ್ಲಿಸಿದರೆ, ನಾನು ಡಬ್ಬಿ ತೆಗೆಯುವ ಮೊದಲು ಆ ಪ್ರಶ್ನೆಯನ್ನು ಅವಳದೇ ದನಿಯಲ್ಲಿ ಕೇಳಿಕೊಳ್ಳುತ್ತೇನೆ. ಮೂಡಲಪಾಳ್ಯದಲ್ಲಿ ಗದಗಿನ ಕಡೆಯ ಹೆಂಗಸರು ನಡೆಸುವ ಅಂಗಡಿಯಿಂದ ರೊಟ್ಟಿ ತರುತ್ತೇನೆ. ಇದನ್ನು ನಾನು ಯಾರಿಗೂ ಹೇಳಿದವಳಲ್ಲ. ಸ್ಟಾಫ್ ರೂಮಿನಲ್ಲಿ ಡಯಟ್ ಎಂದು ತಮಾಷೆ ಮಾಡಿದರೆ ಹೂಂ ಅನ್ನುತ್ತೇನೆ. ಕೆಲವು ವಸ್ತುಗಳನ್ನು ಗಾಳಿಗೆ ಇಟ್ಟರೆ ಮೆತ್ತಗಾಗುತ್ತವೆ, ಮುಚ್ಚಿಟ್ಟರೇ ಗರಿಗರಿ. ಹಾಗೆ ಮುಚ್ಚಿಟ್ಟದ್ದನ್ನು ಅಕ್ಷತಾ ಊರಿಗೆಲ್ಲ ಹಂಚಿದ್ದಳು, ಅದೂ ತನ್ನ ಹೆಸರಿನಲ್ಲಿ.

ಹೊಟ್ಟೆಕಿಚ್ಚಿಗೆ ಇನ್ನೊಂದು ಪದರವೂ ಇತ್ತು. ನಾನು ಏಳನೆಯ ತರಗತಿ ಮುಗಿಸಿದಾಗ ಅಪ್ಪನಿಗೆ ಬಳ್ಳಾರಿಗೆ ವರ್ಗವಾಯಿತು, ನಾವು ಮನೆ ಬಿಟ್ಟೆವು. ಅತ್ತೆ ದೊಡ್ಡಪ್ಪನವರ ಜೊತೆ ಉಳಿದಳು. ಆಮೇಲೆ ಅಣ್ಣತಮ್ಮಂದಿರು ಮನೆಯನ್ನೇ ಮಾರಿದರು, ದೊಡ್ಡಪ್ಪ ಕೆಂಗೇರಿ ಉಪನಗರಕ್ಕೆ ಹೋದರು, ಅತ್ತೆಯೂ ಬುಟ್ಟಿ ಹೊತ್ತು ಹೋದಳು. ನಾನು ಎಂ.ಎಸ್ಸಿ. ಓದಲು ಬೆಂಗಳೂರಿಗೆ ಮರಳಿ ಅವಳನ್ನು ನೋಡಲು ಹೋಗುವ ಹೊತ್ತಿಗೆ ಅವಳ ಹಲ್ಲುಗಳು ಹೋಗಿದ್ದವು. ಅಕ್ಷತಾ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಚಮಚದಲ್ಲಿ ಮಸೆದು ತಿನ್ನಿಸುತ್ತಿದ್ದಳು. ಅತ್ತೆ ನನ್ನ ಕಡೆ ನೋಡಿ, ಬೊಚ್ಚು ಬಾಯಿಯಲ್ಲಿ ನಕ್ಕು, "ನೋಡವ್ವ ಶಾಂಬಿ, ಈಗ ನನ್ನ ರೊಟ್ಟಿನೂ ಸುಳ್ಳು ಹೇಳತೈತಿ" ಅಂದಳು. ನಾನೂ ನಕ್ಕೆ. ಆದರೆ ನನ್ನ ಕಣ್ಣು ಅಕ್ಷತಾಳ ಕೈಯ ಚಮಚದ ಮೇಲಿತ್ತು. ಅತ್ತೆಯ ಗಲ್ಲದ ಮೇಲೆ ಇಳಿದ ಹಾಲನ್ನು ಅವಳು ನೋಡದೆಯೇ, ಅಭ್ಯಾಸದಿಂದ, ಹೆಬ್ಬೆರಳಲ್ಲಿ ಒರೆಸುತ್ತಿದ್ದಳು. ಆ ಅಭ್ಯಾಸ ನನಗಿರಲಿಲ್ಲ. ಅತ್ತೆ ಹೋದ ದಿನ ಹತ್ತಿರ ಇದ್ದವಳೂ ಅವಳೇ. ಅಂದರೆ ಕೊನೆಯ ವರ್ಷಗಳೆಲ್ಲ ಅವಳ ಪಾಲಿಗೆ ಬಂದಿದ್ದವು. ನನ್ನ ಪಾಲಿಗೆ ಉಳಿದದ್ದು ಒಂದು ಪ್ರಶ್ನೆ, ಈಗ ಅದೂ ಹೋಯಿತಲ್ಲ ಎಂದು ರಾತ್ರಿಗಳಲ್ಲಿ ಹೊರಳಾಡಿದೆ.

ಒಂದು ಭಾನುವಾರ ಮಧ್ಯಾಹ್ನ ಕೆಂಗೇರಿಗೆ ಹೋದೆ. ಬರಿಗೈಯಲ್ಲಿ ಹೋಗಬಾರದೆಂದು ಮೂಡಲಪಾಳ್ಯದ ಅಂಗಡಿಯಿಂದ ರೊಟ್ಟಿಯ ಪೊಟ್ಟಣ ಹಿಡಿದಿದ್ದೆ. ಬಸ್ಸಿನಲ್ಲಿ ಅದು ಮುರಿಯದಂತೆ ಮಡಿಲಲ್ಲಿಟ್ಟುಕೊಂಡು, ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡಿದ್ದೆ. ಮದುವೆಯಾದ ಮೇಲೆ ಅಕ್ಷತಾ ದೊಡ್ಡಪ್ಪನವರ ಎದುರು ಕಟ್ಟಡದಲ್ಲೇ ಮನೆ ಮಾಡಿದ್ದಾಳೆ. ಅವಳ ಗಂಡ ಮಗುವನ್ನು ಪಾರ್ಕಿಗೆ ಕರೆದೊಯ್ದಿದ್ದ. ಅವಳು ಬಾಲ್ಕನಿಯಲ್ಲಿ ಮಗುವಿನ ಬಟ್ಟೆ ಮಡಚುತ್ತಿದ್ದಳು. ನನ್ನನ್ನು ಕೂರಿಸಿ, ನೀರು ಕೊಟ್ಟು, ನಾಗರಬಾವಿಯಿಂದ ಕೆಂಗೇರಿಗೆ ಬರಲು ನಿನಗೆ ವೀಸಾ ಬೇಕಿತ್ತಾ, ಇಷ್ಟು ದಿನ ಬರಲಿಲ್ಲ ಎಂದು ಚುಚ್ಚಿದಳು. ನಾನು ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಕಳಚಿಕೊಂಡವು. ಒಂದೇ ಉಳಿಯಿತು.

"ಅತ್ತೆ ನಿನ್ನನ್ನ ಯಾವತ್ತು ಕೇಳಿದ್ರು ಅಕ್ಷತಾ?"

ಅವಳಿಗೆ ವಿವರಿಸಬೇಕಾಗಲಿಲ್ಲ. ಕೈಯಲ್ಲಿದ್ದ ಪುಟ್ಟ ಅಂಗಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. "ಗೊತ್ತಿತ್ತು ಕಣೇ. ವಿಡಿಯೊ ಹಾಕ್ದಾಗ್ಲೇ ಅಂದ್ಕೊಂಡೆ, ಇದನ್ನ ನೋಡಿದ್ರೆ ನೀನು ಬರ್ತೀಯ ಅಂತ" ಅಂದಳು. ಅಂಗಿಯ ಸುಕ್ಕನ್ನು ಅಂಗೈಯಲ್ಲಿ ತೀಡಿ, "ಯಾವತ್ತೂ ಕೇಳಲಿಲ್ಲ. ಒಂದ್ಸಲಾನೂ ಕೇಳಲಿಲ್ಲ" ಅಂದಳು.

ಆಮೇಲೆ ಅವಳು ಹೇಳಿದ್ದನ್ನು ನಾನು ತಲೆ ತಗ್ಗಿಸಿ ಕೇಳಿದೆ. ದಿನಾ ನಾಲ್ಕು ಗಂಟೆಗೆ ಅವಳು ಮೆಟ್ಟಿಲ ತಿರುವಿಗೆ ಬಂದು ಕೂರುತ್ತಿದ್ದದ್ದು ಚಕ್ಕುಲಿ ತಿನ್ನಲಿಕ್ಕಲ್ಲ, ನಮ್ಮಿಬ್ಬರಿಗೆ ಕಿವಿಗೊಡಲಿಕ್ಕೆ. ಪ್ರಶ್ನೆ ಕೇಳಿಸುತ್ತಿತ್ತು, ಉತ್ತರ ಕೇಳಿಸುತ್ತಿತ್ತು, ರೊಟ್ಟಿ ಮುರಿಯುವುದು ಕೇಳಿಸುತ್ತಿತ್ತು. ಆಮೇಲೆ ಬರೀ ಕಟಕಟ. ಅಲ್ಲಿಂದ ಅವಳಿಗೆ ಅತ್ತೆ ಕಾಣುತ್ತಿರಲಿಲ್ಲ, ನನ್ನ ಬೆನ್ನು ಮಾತ್ರ ಕಾಣುತ್ತಿತ್ತು. ಮೇಲೆ ಹೋಗಿ ಗೊಂಬೆಯನ್ನು ಎದುರು ಕೂರಿಸಿಕೊಂಡು ಅದೇ ಪ್ರಶ್ನೆ ಕೇಳುತ್ತಿದ್ದಳಂತೆ, ಅದೇ ದನಿಯಲ್ಲಿ. ನಾನು ರೊಟ್ಟಿಯನ್ನು ನೀರಿಗೆ ಅದ್ದಿ ಸಿಕ್ಕಿಬಿದ್ದ ದಿನ ಅವಳು ನಕ್ಕದ್ದು, ಈಗಲಾದರೂ ನನಗೆ ರೊಟ್ಟಿ ನಿಲ್ಲುತ್ತದೆ, ತನ್ನ ಸರದಿ ಬರುತ್ತದೆ ಎಂದು. ಬರಲಿಲ್ಲ. ನಾವು ಬಳ್ಳಾರಿಗೆ ಹೋದ ಮೇಲೂ ಅತ್ತೆ ನಾಲ್ಕಕ್ಕೆ ಬುಟ್ಟಿಯ ಬಟ್ಟೆ ಸರಿಸಿ ರೊಟ್ಟಿ ಮುರಿಯುತ್ತಿದ್ದಳು. ಚಿಕ್ಕದನ್ನು ತಾನು ತಿಂದು ದೊಡ್ಡದನ್ನು ಮತ್ತೆ ಬುಟ್ಟಿಗೆ ಇಡುತ್ತಿದ್ದಳು. ವಾರದ ಕೊನೆಗೆ ಬುಟ್ಟಿಯಲ್ಲಿ ಬರೀ ಅರ್ಧ ರೊಟ್ಟಿಗಳು ಉಳಿದಿರುತ್ತಿದ್ದವು, ದೊಡ್ಡಮ್ಮ ಅವನ್ನು ಪುಡಿ ಮಾಡಿ ಒಗ್ಗರಣೆ ಹಾಕುತ್ತಿದ್ದರು. ಒಂದು ದಿನ ಅಕ್ಷತಾ ಧೈರ್ಯ ಮಾಡಿ ಕೆಳಗಿಳಿದು, ಅದನ್ನು ನನಗೆ ಕೊಡು ಅಂದಳು. ಅತ್ತೆ ಅವಳ ತಲೆ ಸವರಿ, "ನಿನಗೆಲ್ಲೈತಿ ಹಸಿವು, ಉಂಡಿ ತಿನ್ನವ್ವ" ಎಂದು ಡಬ್ಬಿ ಇಳಿಸಿದಳು.

ಇದನ್ನು ಕೇಳಿ ನನಗೆ ಮೊದಲು ಆದದ್ದು ಸಂತೋಷ. ಶುದ್ಧವಾದ, ಚಿಕ್ಕ ಹುಡುಗಿಯ ಸಂತೋಷ. ಆ ಅರ್ಧಗಳು ನನ್ನವು, ನಾನಿಲ್ಲದಾಗಲೂ ನನ್ನವಾಗಿದ್ದವು. ಅವಳ ಮುಖ ನೋಡುವವರೆಗೂ ಆ ಸಂತೋಷ ಇತ್ತು, ನೋಡಿದ ಮೇಲೂ ಪೂರ್ತಿ ಹೋಗಲಿಲ್ಲ. ಅವಳು ಹೇಳುತ್ತಿದ್ದಳು, ಕ್ಲಿನಿಕ್ಕಿಗೆ ಬರುವವರೆಲ್ಲ ಹಸಿವು ತಡೆಯುವುದು ಹೇಗೆ ಎಂದು ಕೇಳುತ್ತಾರೆ, ತನಗೆ ಹಸಿವು ಎಂದರೇನು ಎಂದು ಗೊತ್ತಾದದ್ದೇ ಮಗುವಿಗೆ ಹಾಲೂಡಿಸುವಾಗ. ಒಂದು ದಿನ ಮಗುವನ್ನು ಎದೆಗೆ ಹಿಡಿದುಕೊಂಡೇ ಅಡುಗೆಮನೆಯಲ್ಲಿ ನಿಂತು ಸಿಕ್ಕಿದ್ದನ್ನೆಲ್ಲ ತಿಂದಿದ್ದಳು. "ಆವತ್ತು ನಂಗೆ ನಿಜ್ವಾಗ್ಲೂ ಹಸಿವಾಗಿತ್ತು ಶಾಂಭವಿ. ಕೇಳೋಕೆ ಅತ್ತೆ ಇರಲಿಲ್ಲ. ಅದಕ್ಕೇ ಹಂಗೆ ಹೇಳ್ಕೊಂಡೆ" ಅಂದಳು. ಮತ್ತೆ, "ತೆಗೀಲಾ ಅದನ್ನ?" ಎಂದು ಕೇಳಿದಳು. ತೆಗಿ ಎನ್ನಲಿಕ್ಕೇ ನಾನು ಅಷ್ಟು ದೂರ ಬಂದಿದ್ದೆ. ಈಗ ಅದು ಬೇಡವೆನಿಸಿತು. ಇರಲಿ ಎನ್ನುವಷ್ಟು ಒಳ್ಳೆಯವಳೂ ನಾನಲ್ಲ. ಪೊಟ್ಟಣದ ದಾರ ಬಿಚ್ಚಿದೆ.

ಕೆಳಗೆ ಪಾರ್ಕಿನ ಕಡೆಯಿಂದ ಮಕ್ಕಳ ಕೂಗು ಬರುತ್ತಿತ್ತು. ಯಾರದೋ ಮನೆಯಲ್ಲಿ ಬಜ್ಜಿ ಕರಿಯುವ ವಾಸನೆ ಎದ್ದು ಬಾಲ್ಕನಿಗೆ ತಲುಪಿತು. ನಾಲ್ಕು ಗಂಟೆಯಾಗಿತ್ತೆಂದು ಗಡಿಯಾರ ನೋಡದೆಯೇ ಇಬ್ಬರಿಗೂ ಗೊತ್ತಾಯಿತು. ಅಕ್ಷತಾ ಮೂಗು ಎಳೆದುಕೊಂಡು, ಅಂಗಿಗಳನ್ನು ಪಕ್ಕಕ್ಕಿಟ್ಟು, "ಹಸಿವಾಗ್ತಿದೆ ಕಣೇ" ಅಂದಳು. ಅವಳ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ನಾನು ಯೋಚಿಸಿದ್ದರೆ ಕೇಳುತ್ತಿರಲಿಲ್ಲ. "ಹೊಟ್ಟಿ ಹಸಿವೋ, ಬಾಯಿ ಹಸಿವೋ?"

ಅವಳು ತುಟಿ ಬಿಗಿಹಿಡಿದು ಹೊಟ್ಟೆ ಮುಟ್ಟಿ ತೋರಿಸಿದಳು. ನಾನು ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮುರಿದೆ. ಟಕ್ ಅಂದು ಬಿರುಕು ಓಡಿತು, ಎಂದಿನಂತೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಎರಡನ್ನೂ ಬೆಳಕಿಗೆ ಹಿಡಿದು ನೋಡಿದೆ. ಅತ್ತೆ ಹೀಗೆ ನೋಡುತ್ತಿದ್ದಳು, ಇದು ನಿನಗೆ ಮೆಟ್ಟಿಲಿಂದ ಕಾಣುತ್ತಿರಲಿಲ್ಲ ಎಂದು ಹೇಳಿದೆ. ಆಮೇಲೆ ಏನು ಮಾಡುತ್ತಿದ್ದಳು ಎಂದು ಅವಳು ಕೇಳಿದಳು. ದೊಡ್ಡದನ್ನು ಅವಳ ಕೈಗೆ ಕೊಟ್ಟೆ. ಕೊಡಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದು ಕೊಟ್ಟೆ, ಕೊಟ್ಟ ಮೇಲೂ ನನ್ನ ಕಣ್ಣು ಅದರ ಮೇಲೇ ಇತ್ತು. ಚಿಕ್ಕದನ್ನು ಹಿಡಿದು ಅವಳೆದುರು ನೆಲದ ಮೇಲೆ ಕೂತೆ.

ಇಬ್ಬರೂ ತಿನ್ನತೊಡಗಿದೆವು. ತಲೆಯೊಳಗೆ ನನ್ನದೇ ಕಟಕಟ ತುಂಬಿಕೊಂಡಿತು. ಸ್ವಲ್ಪ ಹೊತ್ತಿಗೆ ನಾನು ಅಗಿಯುವುದನ್ನು ನಿಲ್ಲಿಸಿ ಕಿವಿಗೊಟ್ಟೆ. ಅವಳದು ಕೇಳಿತು. ಅವಸರದ, ಅಭ್ಯಾಸವಿಲ್ಲದ, ಎರಡೂ ದವಡೆಯ ಸದ್ದು. ಅದು ಅತ್ತೆಯದಲ್ಲ.

"ಯಾಕೆ ನಿಲ್ಲಿಸ್ದೆ, ಹಲ್ಲು ನೋವಾ?" ಎಂದು ಅವಳು ಕೇಳಿದಳು.

ಇಲ್ಲ ಅಂದೆ.